ಮಾವಿನ ಹಣ್ಣುನೊಣ ಮತ್ತು ವಾಟೆ ಮೂತಿಹುಳು: ಎರಡಕ್ಕೂ ಒಂದೇ ಉಪಾಯ ಸಲ್ಲದು



2025ರ ಮೇ ತಿಂಗಳಿನಲ್ಲಿ ಭಾರತದಿಂದ ಅಮೆರಿಕ ತಲುಪಿದ ಮಾವಿನ 15 ರವಾನೆಗಳು ತಿರಸ್ಕೃತವಾದ ಸುದ್ದಿಯನ್ನು ತಾವು ಓದಿರಬಹುದು. ಆಕ್ಷೇಪವಿದ್ದುದು ಹಣ್ಣಿನ ಮೇಲಲ್ಲ, ವಿಕಿರಣ ಸಂಸ್ಕರಣೆಯ ದಾಖಲೆಗಳ ಮೇಲೆ. ಆದರೆ ಆ ಸಂಸ್ಕರಣೆಯ ಅಗತ್ಯವಾದರೂ ಏನು?

2014ರ ಮೇ 1ರಿಂದ ಐರೋಪ್ಯ ಒಕ್ಕೂಟವು ನಮ್ಮ ಮಾವನ್ನು ನಿಷೇಧಿಸಲು ಹಣ್ಣುನೊಣವೇ ಕಾರಣವಾಗಿತ್ತು. ತಿರುಳಿನಲ್ಲಿರುವ ಅದರ ಮೊಟ್ಟೆ, ಮರಿಗಳು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿದರೆ ನಾಶವಾಗುತ್ತವೆ. ಅಮೆರಿಕವು ಇದರೊಂದಿಗೆ ವಾಟೆಯ ಮೂತಿಹುಳುವಿಗೂ ಅಂಜುತ್ತದೆ. ಗಟ್ಟಿ ವಾಟೆಯೊಳಗೆ ಅಡಗಿದ ಈ ಹುಳುವನ್ನು ಬಿಸಿನೀರು ನಾಶಪಡಿಸಲಾರದು. ವಿಕಿರಣವು ಅದನ್ನು ಸಂತಾನಹೀನಗೊಳಿಸುತ್ತದೆ.

ತೋಟದಲ್ಲಿ ಇವೆರಡನ್ನೂ ‘ಹುಳು ಬಿದ್ದ ಹಣ್ಣು’ ಎಂದು ಒಂದೇ ಹೆಸರಿನಿಂದ ಕರೆಯುವುದು ರೂಢಿ. ಖರ್ಚು ವ್ಯರ್ಥವಾಗುವುದು ಇಲ್ಲಿಯೇ. ಮೂತಿಹುಳು ಕಾಯಿಯು ಗೋಲಿಯಿಂದ ನಿಂಬೆಯ ಗಾತ್ರದಲ್ಲಿರುವಾಗಲೇ ಸಿಪ್ಪೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಯು ಎಳೆಯ ವಾಟೆಯನ್ನು ಹೊಕ್ಕ ಬಳಿಕ ಗಾಯ ಮಾಯುವುದರಿಂದ, ವಾಟೆಯನ್ನು ಸೀಳದ ಹೊರತು ಬಾಧೆ ತಿಳಿಯದು. ವರ್ಷಕ್ಕೆ ಒಂದೇ ಪೀಳಿಗೆ. ಪ್ರೌಢ ಹುಳುಗಳು ಮುಂದಿನ ಹೂವಿನವರೆಗೆ ತೊಗಟೆಯ ಬಿರುಕುಗಳಲ್ಲಿ ಅಡಗಿರುತ್ತವೆ. ಹಣ್ಣುನೊಣವಾದರೋ ಬಲಿತ ಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟು, ತಿರುಳನ್ನು ಕೊಳೆಸಿ, ಮಣ್ಣಿನಲ್ಲಿ ಕೋಶವಾಗಿ, ವರ್ಷದಲ್ಲಿ ಹಲವು ಪೀಳಿಗೆಗಳನ್ನು ಮುಗಿಸುತ್ತದೆ. ಮುಂಗಾರು ಪೂರ್ವದ ಮಳೆಯ ನಂತರ ಮಾಗುವ ತಳಿಗಳಿಗೆ ಇದರ ಕಾಟ ಹೆಚ್ಚು.

ಮೀಥೈಲ್ ಯುಜಿನಾಲ್ ಬಲೆಯು ಗಂಡು ಹಣ್ಣುನೊಣಗಳನ್ನು ಮಾತ್ರ ಸೆಳೆಯುತ್ತದೆ. ಬಲೆ ತುಂಬಿದುದನ್ನು ಕಂಡು ಮೂತಿಹುಳುವೂ ಹತೋಟಿಗೆ ಬಂದಿತೆಂದು ಭಾವಿಸದಿರಿ. ಬಲೆಯನ್ನು ಕೊಯ್ಲಿಗೆ ಒಂದೂವರೆ ತಿಂಗಳು ಮೊದಲೇ, ಸಾಧ್ಯವಾದರೆ ಅಕ್ಕಪಕ್ಕದ ತೋಟದವರೆಲ್ಲ ಸೇರಿ ಕಟ್ಟುವುದು ಲೇಸು. ಒಬ್ಬರೇ ಕಟ್ಟಿದರೆ ನೆರೆಯ ತೋಟದ ನೊಣಗಳು ಬರುತ್ತಲೇ ಇರುತ್ತವೆ. ಮೂತಿಹುಳುವಿಗೆ ಸಿಂಪರಣೆ ಬೇಕಿದ್ದರೆ ಅದು ಕಾಯಿ ಎಳೆಯದಿರುವಾಗಲೇ ಆಗಬೇಕು. ಕಾಯಿ ಬಲಿತ ನಂತರದ ಔಷಧಿ ವಾಟೆಯನ್ನು ಮುಟ್ಟದು.

ಸ್ಥಳೀಯ ಮಂಡಿಗೆ ಮಾರುವವರಿಗೆ ಮೂತಿಹುಳುವಿನಿಂದಾಗುವ ನಷ್ಟ ಸಾಮಾನ್ಯವಾಗಿ ಅಲ್ಪ. ಅವರು ಹಣವನ್ನು ಹಣ್ಣುನೊಣದ ಹತೋಟಿಗೆ ಮೀಸಲಿಡುವುದು ಸೂಕ್ತವೆಂಬುದು ನಮ್ಮ ಅಭಿಪ್ರಾಯ. ರಫ್ತು ಮಾಡುವವರು ಎರಡನ್ನೂ ಕಡೆಗಣಿಸುವಂತಿಲ್ಲ.

ವಿಸ್ತರಣಾ ಕಾರ್ಯಕರ್ತರು ಈ ಕೊಯ್ಲಿನಲ್ಲಿ ಪ್ರತಿ ತೋಟದ ಕೆಲವು ಹಣ್ಣುಗಳ ವಾಟೆಯನ್ನು ರೈತರ ಮುಂದೆಯೇ ಸೀಳಿ ತೋರಿಸಬೇಕು. ಉದುರಿದ ಹಣ್ಣುಗಳನ್ನೂ ತಿಂದೆಸೆದ ವಾಟೆಗಳನ್ನೂ ಆರಿಸಿ ಎರಡು ಅಡಿ ಆಳದಲ್ಲಿ ಹೂಳಿರಿ.