ಕ್ವಿಬೆಕ್‌ನ ‘ನಾವು’ ಯಾರು?

ತುಳುವಿನಲ್ಲಿ ‘ನಮ’ ಎಂದರೆ ಕೇಳುತ್ತಿರುವವರೂ ಸೇರಿದ ನಾವು. ‘ಎಂಕುಳು’ ಎಂದರೆ ಅವರನ್ನು ಬಿಟ್ಟ ನಾವು. ತೆಲುಗಿನ ‘ಮನಮು’, ‘ಮೇಮು’ಗಳಲ್ಲೂ ಇದೇ ಭೇದ. ಕನ್ನಡದ ‘ನಾವು’ ಎರಡಕ್ಕೂ ಒಂದೇ, ಫ್ರೆಂಚಿನ ‘ನು’ ಕೂಡ ಹಾಗೆಯೇ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸ್ವಾತಂತ್ರ್ಯ ಚಳವಳಿ ಬೆಳೆದದ್ದೂ ಎಡವಿದ್ದೂ ಈ ಸರ್ವನಾಮದ ಮಬ್ಬಿನಲ್ಲಿ. ಅಲ್ಲಿನ ಫ್ರೆಂಚ್ ಭಾಷಿಕರು ಬಹುಕಾಲ ತಮ್ಮನ್ನು ‘ಫ್ರೆಂಚ್ ಕೆನಡಿಯನ್ನರು’ ಎಂದೇ ಕರೆದುಕೊಂಡರು. ಒಂಟಾರಿಯೊ, ಮ್ಯಾನಿಟೋಬಾಗಳ ಫ್ರೆಂಚರೂ ಆ ಹೆಸರಿನೊಳಗೆ ಇದ್ದರು. 1960ರ ದಶಕದಲ್ಲಿ ಆ ಜಾಗಕ್ಕೆ ‘ಕೆಬೆಕ್ವಾ’, ಅಂದರೆ ಕ್ವಿಬೆಕ್‌ನವರು, ಎಂಬ ಮಾತು ಬಂತು. ಹೊರಗಿನ ಫ್ರೆಂಚರು ಒಮ್ಮೆಲೇ ಬೇರೆಯವರಾದರು. ಮಾಂಟ್ರಿಯಲ್‌ನಲ್ಲಿ ನೆಲೆಸಿದ ಇಟಾಲಿಯನ್ನರು, ಗ್ರೀಕರು ಕನಿಷ್ಠ ಲೆಕ್ಕಕ್ಕಾದರೂ ಒಳಗೆ ಬಂದರು. ಒಂದು ಪದ ಬದಲಾದದ್ದರಿಂದ ನೆಂಟಸ್ತಿಕೆಯ ಗಡಿಯೇ ಸರಿದಿತ್ತು.

ಇದೆಲ್ಲ ಬರೀ ಮಾತಿನ ಮಹಿಮೆಯಲ್ಲ, ಹೊಟ್ಟೆಪಾಡಿನ ಸಿಟ್ಟು ಎನ್ನುವವರಿದ್ದಾರೆ. ಸುಳ್ಳಲ್ಲ. ತಮ್ಮದೇ ಪ್ರಾಂತ್ಯದಲ್ಲಿ ಬಹುಸಂಖ್ಯಾತರಾಗಿದ್ದ ಫ್ರೆಂಚರ ಸರಾಸರಿ ಆದಾಯ ಇಂಗ್ಲಿಷರಿಗಿಂತ ಬಹಳ ಕಡಿಮೆ ಎಂದು ಫೆಡರಲ್ ಸರ್ಕಾರದ ಆಯೋಗವೇ ಆ ದಶಕದಲ್ಲಿ ತೋರಿಸಿತ್ತು. ಆದರೆ ಕಡಿಮೆ ಸಂಬಳದ ಸಿಟ್ಟು ಕಾರ್ಮಿಕ ಸಂಘಕ್ಕೂ ಹೋಗಬಹುದು, ಪ್ರತ್ಯೇಕ ದೇಶದ ಕಡೆಗೂ ತಿರುಗಬಹುದು. 1962ರಲ್ಲಿ ವಿದ್ಯುತ್ ಕಂಪನಿಗಳ ರಾಷ್ಟ್ರೀಕರಣವನ್ನು ಮುಂದಿಟ್ಟು ಚುನಾವಣೆಗೆ ಹೋದ ಲಿಬರಲ್ ಪಕ್ಷದ ಘೋಷಣೆ ‘ನಮ್ಮ ಮನೆಗೆ ನಾವೇ ಯಜಮಾನರು’ ಎಂದಿತ್ತು. ಆ ಪಕ್ಷಕ್ಕೆ ಪ್ರತ್ಯೇಕ ದೇಶ ಬೇಕಿರಲಿಲ್ಲ. ಆದರೂ ವಿದ್ಯುತ್ತಿನ ಪ್ರಶ್ನೆಯನ್ನು ಮನೆಯ ಪ್ರಶ್ನೆ ಮಾಡಿಟ್ಟ ಮೇಲೆ, ಯಾವ ಮನೆ ಎಂದು ಕೇಳುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ?

ಕ್ವಿಬೆಕ್ ಸ್ವತಂತ್ರವಾಗಬೇಕೇ ಎಂದು 1995ರ ಅಕ್ಟೋಬರ್ 30ರಂದು ನಡೆದ ಜನಮತಗಣನೆಯ ಪ್ರಶ್ನೆಯಲ್ಲಿ ‘ಸಾರ್ವಭೌಮ’ ಎಂಬ ಪದವಿತ್ತು, ಕೆನಡಾದೊಂದಿಗೆ ‘ಪಾಲುದಾರಿಕೆ’ಯ ಮಾತೂ ಇತ್ತು, ‘ಪ್ರತ್ಯೇಕ ದೇಶ’ ಎಂಬುದು ಮಾತ್ರ ಇರಲಿಲ್ಲ. ಅಳುಕುವವರಿಗೂ ಜಾಗ ಬಿಟ್ಟ ಜಾಣ ವಾಕ್ಯವದು. ‘ಬೇಡ’ ಎಂದವರು ಶೇ 50.58. ಆ ರಾತ್ರಿ ಪ್ರಾಂತ್ಯದ ಪ್ರಧಾನಿ ಜಾಕ್ ಪಾರಿಜೊ ತಮ್ಮ ‘ಹೌದು’ ಬಣದ ಸೋಲಿಗೆ ಹಣ ಮತ್ತು ಜನಾಂಗೀಯ ಮತಗಳೇ ಕಾರಣ ಎಂದರು. ನಮ್ಮಲ್ಲಿ ಹೆಚ್ಚಿನವರು ‘ಹೌದು’ ಎಂದಿದ್ದಾರೆ ಎಂಬ ಧಾಟಿ ಅವರದು. ಫ್ರೆಂಚ್ ಭಾಷಿಕರಲ್ಲಿ ಸುಮಾರು ಶೇ 60 ಮಂದಿ ‘ಹೌದು’ ಎಂದಿದ್ದರಾದ್ದರಿಂದ ಅದು ಬರೀ ಲೆಕ್ಕ ಎಂದು ಸಮರ್ಥಿಸುವವರಿದ್ದಾರೆ. ಲೆಕ್ಕ ಸರಿಯೇ. ಆದರೆ ಅಲ್ಲಿಯವರೆಗೆ ‘ನಮ’ ಆಗಿದ್ದದ್ದು ಆ ವೇದಿಕೆಯ ಮೇಲೆ ‘ಎಂಕುಳು’ ಆಗಿಹೋಯಿತು. ವಲಸಿಗರ ಜೊತೆಗೆ ‘ಬೇಡ’ ಎಂದ ಫ್ರೆಂಚರೂ ಹೊರಬಿದ್ದರು. ಮರುದಿನ ಪಾರಿಜೊ ಪದತ್ಯಾಗ ಘೋಷಿಸಿದರು. 2006ರಲ್ಲಿ ಕೆನಡಾ ಸಂಸತ್ತಿನ ಕೆಳಮನೆ ‘ಕೆಬೆಕ್ವಾ’ ಜನರನ್ನು ಅಖಂಡ ಕೆನಡಾದೊಳಗಿನ ಒಂದು ರಾಷ್ಟ್ರವೆಂದು ಒಪ್ಪಿಕೊಂಡಾಗ, ಇಂಗ್ಲಿಷ್ ಪಾಠದಲ್ಲೂ ಆ ಫ್ರೆಂಚ್ ಪದವನ್ನೇ ಉಳಿಸಿಕೊಂಡಿತು. ಅದು ಪ್ರಾಂತ್ಯದ ಎಲ್ಲರನ್ನೂ ಹೇಳುತ್ತದೆಯೋ ಫ್ರೆಂಚರನ್ನು ಮಾತ್ರವೋ ಎಂಬುದು ನಿರ್ಣಯದಲ್ಲಿ ಇಲ್ಲ.