ದಾರಿ ತೋರುವ ಗಡಿಯಾರ ನಮ್ಮದಾಗಿರಲಿ

ಮಕ್ಕಳೇ, ಕಾರವಾರದಿಂದ ಮೀನುಗಾರಿಕೆಗೆ ಹೊರಟ ಬೋಟು ದಡದ ಹತ್ತಿರ ಇರುವವರೆಗೆ ದಾರಿಯ ಚಿಂತೆಯಿಲ್ಲ. ಚಿತ್ತಾಕುಲದ ಪಕ್ಕದ ಸದಾಶಿವಗಡದ ಗುಡ್ಡ ಕಾಣುತ್ತದೆ. ರಾತ್ರಿ ದೇವಗಡ ದ್ವೀಪದ ದೀಪಸ್ತಂಭವಿದೆ. ದಡ ಮರೆಯಾದ ಮೇಲೆ ದಾರಿ ಹೇಳುವವರು ಯಾರು? ಆಕಾಶದ ಉಪಗ್ರಹಗಳು!

ಉಪಗ್ರಹ ಕಳಿಸುವ ರೇಡಿಯೋ ಸಂಕೇತದಲ್ಲಿ ಅದು ಹೊರಟ ಸಮಯವೂ ಇರುತ್ತದೆ. ಸಂಕೇತ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಬೋಟಿನ ಯಂತ್ರ ಲೆಕ್ಕ ಹಾಕಿ ದೂರ ತಿಳಿಯುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಬೋಟು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ. ಉಪಗ್ರಹದ ಗಡಿಯಾರ ಅದರ ಒಂದೇ ಪಾಲಿನಷ್ಟು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಕತ್ತಲಲ್ಲಿ ಬಂಡೆ ತಪ್ಪಿಸಿ ಬರುವ ಬೋಟಿಗೆ ಅದು ಸಣ್ಣ ತಪ್ಪೇ? ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇಡುತ್ತಾರೆ.

ಅಮೆರಿಕದ ಜಿಪಿಎಸ್ ಪುಕ್ಕಟೆಯಾಗಿ ಸಿಗುವಾಗ ನಮ್ಮದೇ ವ್ಯವಸ್ಥೆಗೆ ಹಣ ಸುರಿಯುವುದೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಜಿಪಿಎಸ್ ಬೇರೆ ದೇಶದ ಕೈಯಲ್ಲಿದೆ. ನಮ್ಮದೂ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಆಸರೆಯಾಗುತ್ತದೆ. ಅದಕ್ಕಾಗಿ ಇಸ್ರೋ 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಹಾರಿಸಿತು. ಈ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಾಯಿತು. ಇದರ ಸಮಯ ಕಾಯುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಆದರೆ ಉಪಗ್ರಹ ನಮ್ಮದಾದರೆ ಸಾಕೇ? ಮೊದಲ ಉಪಗ್ರಹದ ಮೂರು ಗಡಿಯಾರಗಳನ್ನು ಯುರೋಪಿನಿಂದ ಕೊಂಡಿದ್ದರು. 2017ರ ಆರಂಭದ ಹೊತ್ತಿಗೆ ಮೂರೂ ಕೆಟ್ಟವು. ಉಪಗ್ರಹ ಆಕಾಶದಲ್ಲೇ ಇತ್ತು, ಆದರೆ ದಾರಿ ಹೇಳಲಾರದೆ ಹೋಯಿತು. ಅದರ ಬದಲಿಗೆ ಅದೇ ವರ್ಷ ಆಗಸ್ಟ್‌ನಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಶಾಖಕವಚ ತೆರೆಯದೆ ಒಳಗೇ ಉಳಿಯಿತು. 2018ರ ಏಪ್ರಿಲ್‌ನಲ್ಲಿ ಹಾರಿಸಿದ ಇನ್ನೊಂದು ಕಕ್ಷೆ ಸೇರಿತು.

ಅಷ್ಟರಲ್ಲಿ ನಮ್ಮ ವಿಜ್ಞಾನಿಗಳು ಅಹಮದಾಬಾದಿನಲ್ಲಿ ಸ್ವಂತ ರುಬಿಡಿಯಂ ಗಡಿಯಾರ ತಯಾರಿಸಿದರು. 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹ ಅದನ್ನು ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಮಾತ್ರ ಒಂದು ಕವಾಟ ತೆರೆಯದ ಕಾರಣ ಉದ್ದೇಶಿಸಿದ ಕಕ್ಷೆಗೆ ಏರಲಿಲ್ಲ.

ಸೋಲುಗಳಿಗೆ ನಾಚಬೇಕಾಗಿಲ್ಲ. ಕೊಂಡ ವಸ್ತು ಕೆಟ್ಟರೆ ಮಾರಿದವರನ್ನು ಕೇಳಬೇಕು. ನಾವೇ ಮಾಡಿದ್ದು ಕೆಟ್ಟರೆ ಎಲ್ಲಿ ತಪ್ಪಿತೆಂದು ಹುಡುಕಿ ಸರಿಪಡಿಸಬಹುದು. ಹಾಗೆಂದು ಹಳೆಯದು ಪೂರ್ತಿ ಕೆಡುವವರೆಗೆ ಕಾಯುವುದೂ ತರವಲ್ಲ. ಮಳೆಗಾಲಕ್ಕೆ ಮೊದಲೇ ಮಾಡು ಹೊದಿಸುವಂತೆ ಬದಲಿ ಉಪಗ್ರಹಗಳು ಮುಂಚಿತವಾಗಿಯೇ ಸಿದ್ಧವಿರಬೇಕು. ರಾಕೆಟ್ ಹಾರಿದ ದಿನ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಕಡಲಿಗಿಳಿದವರಿಗೆ ಸರಿಯಾದ ಸಮಯ ಪ್ರತಿದಿನವೂ ಬೇಕು.

ನೀವೇನು ಹೇಳುತ್ತೀರಿ? ತರಗತಿಯಲ್ಲಿ ಚರ್ಚಿಸಿ. ಮನೆಯಲ್ಲಿ ಕಡಲಿಗೆ ಹೋಗುವವರಿದ್ದರೆ ಅವರ ಅಭಿಪ್ರಾಯವನ್ನೂ ಕೇಳಿ ಬನ್ನಿ.