ಯಂತ್ರದ ತಕ್ಕಡಿಗೂ ಶೂನ್ಯದೋಷವುಂಟು

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡೊಡನೆ ಅಧ್ಯಾಪಕರು ಕೇಳುವ ಮೊದಲ ಪ್ರಶ್ನೆ, “ಶೂನ್ಯದೋಷವನ್ನು ನೋಡಿದೆಯಾ?” ಎಂಬುದು. ಒಂದು ಸಣ್ಣ ಗುಂಡಿನ ವ್ಯಾಸವನ್ನಳೆಯಲು ಇಷ್ಟು ಎಚ್ಚರ ಬೇಕೆಂದು ಕಲಿಸುವ ನಾವು, ಹಲವು ವರ್ಷಗಳ ವ್ಯಾಸಂಗವನ್ನು ಕೆಲವೇ ಗಂಟೆಗಳಲ್ಲಿ ಅಳೆದುಬಿಡುವ ಪ್ರವೇಶಪರೀಕ್ಷೆಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ಕೇಳುವುದಿಲ್ಲ. “ಯಂತ್ರ ಕೊಟ್ಟ ಅಂಕ, ಅದರಲ್ಲಿ ತಪ್ಪೆಲ್ಲಿಂದ ಬರಬೇಕು?” ಎಂದು ಸುಮ್ಮನಾಗುತ್ತೇವೆ. ಈ ನಂಬಿಕೆ ಎಷ್ಟು ಟೊಳ್ಳೆಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ತೋರಿಸಿಕೊಟ್ಟಿದೆ.

ಅಲ್ಲಿನ ಕಾಲೇಜುಗಳ ಪ್ರವೇಶಕ್ಕಾಗಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ಎಸ್.ಎ.ಟಿ. ಪರೀಕ್ಷೆಯನ್ನು ನಡೆಸುತ್ತದೆ. ೨೦೦೫ರ ಅಕ್ಟೋಬರ್ ತಿಂಗಳಲ್ಲಿ ಸುಮಾರು ೪,೯೫,೦೦೦ ವಿದ್ಯಾರ್ಥಿಗಳು ಅದಕ್ಕೆ ಕುಳಿತರು. ಅಂಕಗಳು ಬಂದ ಮೇಲೆ, ಇಬ್ಬರು ವಿದ್ಯಾರ್ಥಿಗಳಿಗೆ ಮಾತ್ರ ಸಂಶಯ ಹುಟ್ಟಿತು. ತಮ್ಮ ಉತ್ತರಪತ್ರಿಕೆಗಳನ್ನು ಮನುಷ್ಯರೇ ಎಣಿಸಬೇಕೆಂದು ಅವರು ಹಣ ತೆತ್ತು ಕೇಳಿಕೊಂಡರು. ಎಣಿಸಿ ನೋಡಿದರೆ ಯಂತ್ರದ ಲೆಕ್ಕವೇ ತಪ್ಪು! ಆ ಎಳೆಯನ್ನು ಹಿಡಿದು ಹೊರಟಾಗ, ೪,೪೧೧ ಮಂದಿಗೆ ನ್ಯಾಯವಾಗಿ ಬರಬೇಕಾದುದಕ್ಕಿಂತ ಕಡಿಮೆ ಅಂಕಗಳು ಬಂದಿದ್ದುವೆಂದು ಕೊನೆಗೆ ತಿಳಿಯಿತು. ೨,೪೦೦ ಅಂಕಗಳ ಪರೀಕ್ಷೆಯಲ್ಲಿ ಒಬ್ಬರಿಗಾದ ನಷ್ಟ ೪೫೦ ಅಂಕಗಳಷ್ಟಿತ್ತು. ಸುಮಾರು ೬೦೦ ಮಂದಿಗೆ ಹೆಚ್ಚು ಅಂಕಗಳು ಬಂದಿದ್ದುವು, ಅವನ್ನು ಇಳಿಸಲಿಲ್ಲ. ಕಾಲೇಜುಗಳಿಗೆ ಈ ಸುದ್ದಿ ಮುಟ್ಟಿದ್ದು ೨೦೦೬ರ ಮಾರ್ಚ್ ತಿಂಗಳಲ್ಲಿ, ಪ್ರವೇಶದ ತೀರ್ಮಾನಗಳು ಮುಗಿಯುತ್ತಿದ್ದ ಹೊತ್ತಿನಲ್ಲಿ. ಮೊಕದ್ದಮೆ ನಡೆದು, ೨೦೦೭ರಲ್ಲಿ ೨೮ ಲಕ್ಷ ೫೦ ಸಾವಿರ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತು.

ತಪ್ಪಿಗೆ ಕಾರಣವೇನು? ಉತ್ತರಪತ್ರಿಕೆಗಳನ್ನು ಓದಿದ ಪಿಯರ್‌ಸನ್ ಕಂಪನಿಯು ಕೊಟ್ಟ ವಿವರಣೆ ಬಹು ಸರಳವಾದುದು: ಕಾಗದವು ತೇವವನ್ನು ಹೀರಿ ಹಿಗ್ಗಿತ್ತು, ಕೆಲವರು ವೃತ್ತಗಳನ್ನು ತೀರ ತೆಳುವಾಗಿ ತುಂಬಿದ್ದರು. ಇದನ್ನು ಅರಿಯಬೇಕಾದರೆ ಯಂತ್ರದ ಕೆಲಸವನ್ನು ತಿಳಿಯಬೇಕು. ೧೯೩೦ರ ದಶಕದಲ್ಲಿ ರೆನಾಲ್ಡ್ ಜಾನ್ಸನ್ ಎಂಬ ಶಾಲಾ ಉಪಾಧ್ಯಾಯನು ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುವ ಗುಣವನ್ನು ಬಳಸಿ ಅಂಕ ಎಣಿಸುವ ಯಂತ್ರವನ್ನು ರೂಪಿಸಿದನು. ೧೯೫೦ರ ದಶಕದಲ್ಲಿ ಐಯೊವಾ ವಿಶ್ವವಿದ್ಯಾನಿಲಯದ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ವಿದ್ಯುತ್ತಿನ ಬದಲು ಬೆಳಕನ್ನು ಬಳಸಿದರು. ಕಪ್ಪು ಗುರುತು ಬೆಳಕನ್ನು ಹೀರುತ್ತದೆ, ಬಿಳಿಯ ಕಾಗದ ಮರಳಿಸುತ್ತದೆ, ಇಷ್ಟೇ ತತ್ತ್ವ. ಯಂತ್ರಕ್ಕೆ ಪ್ರಶ್ನೆಯೂ ಗೊತ್ತಿಲ್ಲ, ಉತ್ತರವೂ ಗೊತ್ತಿಲ್ಲ. ಕಾಗದದ ಮೇಲೆ ಇಂಥ ಸ್ಥಾನದಲ್ಲಿ ಇಷ್ಟು ಕಪ್ಪಿದೆಯೇ ಎಂಬುದೊಂದನ್ನೇ ಅದು ಬಲ್ಲದು. ಕಾಗದ ಹಿಗ್ಗಿತೆಂದರೆ ಸ್ಥಾನ ತಪ್ಪುತ್ತದೆ. ಗುರುತು ತೆಳುವಾಯಿತೆಂದರೆ ಸರಿಯುತ್ತರವೂ ಖಾಲಿಯೆಂದು ಕಾಣುತ್ತದೆ.

ಮನುಷ್ಯನು ಎಣಿಸಿದರೆ ತಪ್ಪುಗಳು ಇನ್ನೂ ಹೆಚ್ಚಲ್ಲವೇ ಎಂದು ಕೇಳಬಹುದು. ನಿಜ; ಲಕ್ಷಗಟ್ಟಲೆ ಪತ್ರಿಕೆಗಳನ್ನು ಕೈಯಿಂದ ಎಣಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದಣಿದ ಮನುಷ್ಯನ ತಪ್ಪು ಇಲ್ಲೊಂದು ಅಲ್ಲೊಂದು. ಯಂತ್ರದ ತಪ್ಪಾದರೋ ಶೂನ್ಯದೋಷದಂತೆ ಒಂದೇ ದಿಕ್ಕಿಗೆ ವಾಲಿ, ಯಾರ ಕಣ್ಣಿಗೂ ಬೀಳದೆ, ಸಾವಿರಾರು ಸಲ ಪುನರಾವರ್ತನೆಗೊಳ್ಳುತ್ತದೆ. ತಪ್ಪಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆಯಿತ್ತೆಂಬ ಸಮಾಧಾನವೂ ಸಲ್ಲದು. ಕಾಲೇಜಿನ ಬಾಗಿಲು ಮುಚ್ಚಿಕೊಂಡ ಹುಡುಗಿಗೆ ಆ ತಪ್ಪು ನೂರಕ್ಕೆ ನೂರು.

ಯಂತ್ರ ಸರಿಯಾಗಿದ್ದರೂ ಅದಕ್ಕೆ ನಾವು ಕೊಡುವ ಉತ್ತರಸೂಚಿಯೇ ತಪ್ಪಾಗಿರಬಹುದು. ೧೯೮೨ರಲ್ಲಿ ಇದೇ ಎಸ್.ಎ.ಟಿ.ಯಲ್ಲಿ ಒಂದು ಪ್ರಶ್ನೆಯಿತ್ತು: ದೊಡ್ಡ ವೃತ್ತದ ಮೂರನೆಯ ಒಂದು ಭಾಗದಷ್ಟು ತ್ರಿಜ್ಯವುಳ್ಳ ಚಿಕ್ಕ ವೃತ್ತವು ದೊಡ್ಡದರ ಹೊರಗೆ ಅಂಚಿನ ಮೇಲೆ ಉರುಳುತ್ತ ಒಂದು ಸುತ್ತು ಬಂದರೆ, ತಾನು ಎಷ್ಟು ಸಲ ತಿರುಗಿರುತ್ತದೆ? ಮೂರು ಸಲ ಎಂದು ಪರೀಕ್ಷಕರ ಎಣಿಕೆ. ಆದರೆ ಚಿಕ್ಕ ವೃತ್ತದ ಕೇಂದ್ರವು ಚಲಿಸುವ ಹಾದಿಯ ತ್ರಿಜ್ಯ, ಅದರದೇ ತ್ರಿಜ್ಯದ ನಾಲ್ಕರಷ್ಟು. ಆದುದರಿಂದ ಸರಿಯುತ್ತರ ನಾಲ್ಕು. ಕೊಟ್ಟಿದ್ದ ಐದು ಉತ್ತರಗಳಲ್ಲಿ ನಾಲ್ಕು ಇರಲೇ ಇಲ್ಲ! ಸುಮಾರು ಮೂರು ಲಕ್ಷ ಪರೀಕ್ಷಾರ್ಥಿಗಳಲ್ಲಿ ಮೂವರು ಇದನ್ನು ತೋರಿಸಿಕೊಟ್ಟರು, ಪ್ರಶ್ನೆಯನ್ನು ಕೈಬಿಡಬೇಕಾಯಿತು. ವಾಚಕರು ಒಂದೇ ಅಳತೆಯ ಎರಡು ನಾಣ್ಯಗಳನ್ನು ಮೇಜಿನ ಮೇಲಿಟ್ಟು, ಒಂದರ ಸುತ್ತ ಇನ್ನೊಂದನ್ನು ಜಾರಗೊಡದೆ ಉರುಳಿಸಿ ನೋಡಲಿ. ಅದು ಒಂದಲ್ಲ, ಎರಡು ಸಲ ತಿರುಗುತ್ತದೆ.

ಎರಡು ಸಂದರ್ಭಗಳಲ್ಲಿಯೂ ತಪ್ಪನ್ನು ಹೊರಗೆಳೆದವರು ಪರೀಕ್ಷಕರಲ್ಲ, ಪರೀಕ್ಷೆಗೆ ಕುಳಿತವರು. ಪರೀಕ್ಷಾಸಂಸ್ಥೆಗಳು ಇದರಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ. ಉತ್ತರಪತ್ರಿಕೆಯ ಪ್ರತಿಯೂ ಉತ್ತರಸೂಚಿಯೂ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಬರಬೇಕು. ಅಂಕಗಳನ್ನು ಪ್ರಕಟಿಸುವ ಮೊದಲು ಒಂದಷ್ಟು ಪತ್ರಿಕೆಗಳನ್ನಾದರೂ ಕೈಯಿಂದ ಎಣಿಸಿ ಯಂತ್ರದೊಡನೆ ತಾಳೆ ನೋಡಬೇಕು. ತಪ್ಪು ಸಂಸ್ಥೆಯದೆಂದು ತಿಳಿದರೆ ಮರುಎಣಿಕೆಯ ಶುಲ್ಕವನ್ನು ಹಿಂದಿರುಗಿಸಬೇಕು. ನ್ಯಾಯವು ಹಣವುಳ್ಳವರಿಗೆ ಮಾತ್ರ ದೊರೆಯುವಂತಾಗಬಾರದು. ನಮ್ಮ ಸಿ.ಇ.ಟಿ., ನೀಟ್ ಪರೀಕ್ಷೆಗಳಲ್ಲಿ ಉತ್ತರಸೂಚಿಯನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವ ಪದ್ಧತಿಯಿರುವುದು ಒಳ್ಳೆಯದೇ. ಆದರೆ ಬಳಸದ ಹಕ್ಕಿನಿಂದ ಪ್ರಯೋಜನವಿಲ್ಲ.

ಈಗ ಎಸ್.ಎ.ಟಿ. ಕಾಗದವನ್ನು ಬಿಟ್ಟು ಕಂಪ್ಯೂಟರಿಗೆ ಬಂದಿದೆ. ಕಂಪ್ಯೂಟರು ಮಳೆಗೆ ಹಿಗ್ಗುವುದಿಲ್ಲ. ಆದರೆ ಅದಕ್ಕೆ ಉತ್ತರಸೂಚಿಯನ್ನು ಕೊಡುವವನು ಇಂದಿಗೂ ಮನುಷ್ಯನೇ. ಆದುದರಿಂದ, ವಿದ್ಯಾರ್ಥಿಗಳೇ, ಬಂದ ಅಂಕ ನಿಮ್ಮ ಅಂದಾಜಿಗೆ ತೀರ ದೂರವಾಗಿದ್ದರೆ ಕೂಡಲೆ ನಿಮ್ಮನ್ನೇ ಹಳಿದುಕೊಳ್ಳಬೇಡಿ. ಉತ್ತರಪತ್ರಿಕೆಯನ್ನು ತರಿಸಿ ಎಣಿಸಿ ನೋಡಿ. ತಪ್ಪು ನಿಮ್ಮದೇ ಆಗಿದ್ದರೆ ಒಪ್ಪಿಕೊಳ್ಳಿ. ಅಳತೆಗೋಲಿನದಾಗಿದ್ದರೆ ಹೇಳಲು ಅಂಜಬೇಡಿ. ಪ್ರಯೋಗಶಾಲೆಯಲ್ಲಿ ನಿಮಗೆ ಕಲಿಸಿದ ಪಾಠವೂ ಅದೇ ಅಲ್ಲವೇ?